ಲಿವರ್ ಮೇಡಂ ಹೊಡೆಸಿದ ಡಂಗುರ

ಹೋದ ತಿಂಗಳು ನಮ್ಮ ಲ್ಯಾಬಿನಲ್ಲಿ ಮೇಡಂ ಅವರ ಬೀಳ್ಕೊಡುಗೆ ಇತ್ತು. ಅವರನ್ನು ಪರಿಚಯ ಮಾಡಿಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಅವರು ಮಕ್ತಲ್‌ನವರು, ನಾನು ಗದ್ವಾಲ್‌ನವನು; ಎರಡೂ ರಾಯಚೂರಿನ ಆಚೆ, ತೆಲಂಗಾಣದ ಗಡಿಯ ಊರುಗಳು. ಇಡೀ ಲ್ಯಾಬಿನಲ್ಲಿ ಮನೆಮಾತು ಕನ್ನಡ ಇದ್ದವರು ನಾವಿಬ್ಬರೇ, ಅದೇ ನನ್ನ ಅರ್ಹತೆ. ಮೈಕಿನ ಮುಂದೆ ನಿಂತರೆ ನಾಲಗೆ ತಾನೇ ಓಡುತ್ತದೆ ನೋಡಿ. "ಹೈದರಾಬಾದಿನಲ್ಲಿ ಕೂತು ಮನುಷ್ಯನ ಲಿವರ್ ತಯಾರಿಸಿದ ನಮ್ಮ ಮೇಡಂ..." ಎಂದು ಶುರು ಮಾಡಿದೆ. ಮುಂದಿನ ಸಾಲಿನಿಂದ ಅವರು ಎದ್ದು ನಿಂತರು.

"ತಮ್ಮಾ, ಅಲ್ಲ. ಅದು ಲಿವರ್ ಅಲ್ಲ. ತಿದ್ದಿ ಹೇಳು."

ಸಭೆ ನಕ್ಕಿತು. ದೊಡ್ಡವರ ವಿನಯ ಎಂದುಕೊಂಡು ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅವರು ಮಾತ್ರ ಕೂರಲಿಲ್ಲ. ಪರೀಕ್ಷೆಯಲ್ಲಿ ತಪ್ಪು ಉತ್ತರ ಕೊಟ್ಟ ಹುಡುಗನ ಮುಂದೆ ನಿಂತ ಮೇಷ್ಟ್ರಂತೆ ನಿಂತೇ ಇದ್ದರು. "ಲಿವರಿನ ಜೀವಕೋಶಗಳನ್ನು ಒಂದು ಸಣ್ಣ ಅಚ್ಚಿನಲ್ಲಿ ಬದುಕಿಸಿಟ್ಟು, ಅವುಗಳ ಮೇಲೆ ಔಷಧ ಪರೀಕ್ಷಿಸುವ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರು" ಎಂದು ನಾನು ತಡವರಿಸಿ ಮುಗಿಸಿದ ಮೇಲೆ ಕೂತರು. ಶಾಲು ಹೊದಿಸಲು ಬಂದಾಗ ಕೈ ಅಡ್ಡ ಹಿಡಿದರು. ನಿರ್ದೇಶಕರ ಮುಖ ಸಣ್ಣದಾಯಿತು. ಶಾಲು ಮೇಜಿನ ಮೇಲೆಯೇ ಉಳಿಯಿತು.

ನನಗೆ ನಗು ಬರಲಿಲ್ಲ. ಹಿಂದೆ ಏನಾಗಿತ್ತೆಂದು ಗೊತ್ತಿದ್ದವನು ಆ ಸಭೆಯಲ್ಲಿ ನಾನೊಬ್ಬನೇ. ಗೊತ್ತಿದ್ದೂ ಆ ಮಾತೇ ನನ್ನ ಬಾಯಲ್ಲಿ ಬಂತಲ್ಲ ಎಂದು ನೆಲ ನೋಡುತ್ತ ಬಂದು ಕೂತೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ, ಅವರ ಬೈಗುಳ ಸಣ್ಣದಲ್ಲ. ಜನರಿದ್ದಾಗ ನಾನು ಮೇಡಂ ಎನ್ನುತ್ತಿದ್ದೆ, ಇಲ್ಲದಾಗ ಅಕ್ಕಾರ. ಅವರಿಗೆ ನಾನು ಯಾವಾಗಲೂ ತಮ್ಮಾ. ಸಿಟ್ಟು ಬಂದಾಗ ಮಾತ್ರ "ಗದ್ವಾಲ್ ಸಾಹೇಬ್ರ".

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಗಾಜಿನಂತೆ ತಿಳಿಯಾದ ಒಂದು ರಬ್ಬರ್ ತುಂಡು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು. ಆ ಕಾಲುವೆಗಳ ಅಚ್ಚು ಮಾಡುವವನು ನಾನು. ಅವುಗಳಲ್ಲಿ ಮನುಷ್ಯನ ಲಿವರಿನ ಜೀವಕೋಶಗಳನ್ನು ಕೂರಿಸುವವರು ಅವರು. ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆದ ಚೂರಿನಿಂದ, ರೋಗಿಯ ಒಪ್ಪಿಗೆ ಪಡೆದು, ಆ ಕೋಶಗಳನ್ನು ಬಿಡಿಸಿಕೊಳ್ಳುತ್ತಿದ್ದೆವು. ಕಾಲುವೆಯಲ್ಲಿ ಅವುಗಳ ಆಹಾರದ ನೀರು ಹರಿಯುತ್ತಿದ್ದರೆ, ತಾವಿನ್ನೂ ದೇಹದೊಳಗೇ ಇದ್ದೇವೆ ಎಂಬಂತೆ ಕೆಲವು ವಾರ ಕೆಲಸ ಮಾಡುತ್ತವೆ. ಆಗ ಒಂದು ಔಷಧವನ್ನು ಹರಿಸಿ ನೋಡಬೇಕು. ಕೋಶಗಳು ಸತ್ತರೆ, ಆ ಔಷಧ ಮನುಷ್ಯನ ಲಿವರನ್ನೂ ಕೆಡಿಸಬಹುದು ಎಂಬ ಸುಳಿವು ಸಿಕ್ಕಿತು. ಇಷ್ಟೇ ಇದರ ಉಪಯೋಗ. ಯಾರ ಹೊಟ್ಟೆಯಲ್ಲೂ ಇಡುವ ವಸ್ತುವಲ್ಲ ಅದು.

ಈ ಕೆಲಸದ ದೊಡ್ಡ ಶತ್ರು ಗಾಳಿಯ ಗುಳ್ಳೆ. ಕಾಲುವೆಯೊಳಗೆ ಒಂದು ಗುಳ್ಳೆ ಸಿಕ್ಕಿಕೊಂಡರೆ ನೀರು ನಿಲ್ಲುತ್ತದೆ, ಕೋಶಗಳು ಸಾಯುತ್ತವೆ. ಮೇಡಂ ನನ್ನ ಅಚ್ಚಿನ ತುಂಡನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಉಗುರಿನಿಂದ ಟಿಕ್ ಟಿಕ್ ಎಂದು ತಟ್ಟುತ್ತಿದ್ದರು. ಅಷ್ಟು ಹೊತ್ತೂ ಉಸಿರು ಬಿಡುತ್ತಿರಲಿಲ್ಲ, ನನ್ನದೂ ನಿಂತಿರುತ್ತಿತ್ತು. ಕಾಲುವೆ ಒಂದಿಷ್ಟು ಅಗಲವಾಗಿದ್ದರೂ ಸಾಕು, "ಇದೇನು ಅಚ್ಚ ಮಾಡೀರೋ, ಜೂರಾಲಾ ಡ್ಯಾಮಿನ ಕಾಲುವಿ ಕಡದೀರೋ, ಗದ್ವಾಲ್ ಸಾಹೇಬ್ರ?" ಎಂದು ವಾಪಸ್ಸು ಕೊಡುತ್ತಿದ್ದರು. ಬೆಳಿಗ್ಗೆ ಬಂದವರೇ ಕೋಶಗಳಿದ್ದ ಪೆಟ್ಟಿಗೆಯ ಬಾಗಿಲು ತೆರೆದು "ಊಟ ಆತೇನ್ರವಾ?" ಎಂದು ವಿಚಾರಿಸುತ್ತಿದ್ದರು. ಪ್ರಯೋಗ ಹೇಗಾಯಿತೆಂದು ಯಾರು ಕೇಳಿದರೂ ಒಂದೇ ಉತ್ತರ: "ನಾಳೆ ಮುಂಜಾನಿ ಬದುಕಿದ್ರ ಮಾತಾಡೂಣು." ದೆಹಲಿಯಿಂದ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಗೂ ಇಂಗ್ಲಿಷಿನಲ್ಲಿ ಇದನ್ನೇ ಹೇಳಿದರು. ಆತ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ.

ತೆಲಂಗಾಣ ಚಳವಳಿಯ ದಿನಗಳಲ್ಲಿ ಹೈದರಾಬಾದಿನಲ್ಲಿ ಬಂದ್ ಮೇಲೆ ಬಂದ್. ನಮಗೆ ರಜೆ, ಕೋಶಗಳಿಗೆ ಹಸಿವು. ಒಂದು ಬಂದ್‌ನ ದಿನ ಮೇಡಂ ಕೋಶಗಳ ಆಹಾರದ ಬಾಟಲಿಗಳನ್ನು ಐಸ್‌ಡಬ್ಬಿಯಲ್ಲಿಟ್ಟುಕೊಂಡು ನಡೆದೇ ಹೊರಟರಂತೆ. ರಸ್ತೆಯಲ್ಲಿ ಟಯರ್ ಸುಡುತ್ತಿದ್ದ ಹುಡುಗರು ತಡೆದು ತೆಲುಗಿನಲ್ಲಿ "ಡಬ್ಬಿಯಲ್ಲಿ ಏನಿದೆ ಅಕ್ಕಾ?" ಎಂದರು. ಇವರು "ಹಸಿದ ಮಕ್ಕಳಿಗೆ ಊಟ" ಎಂದರು. ಯಾವ ಊರು ಎಂದರೆ ಮಕ್ತಲ್ ಎಂದರು. ಮಾತು ಕೇಳಿ ಒಬ್ಬನಿಗೆ ಅನುಮಾನ: "ನಿನ್ನ ತೆಲುಗು ರಾಯಚೂರು ಕಡೆಯದು, ನೀನು ನಮ್ಮವಳೇನು?" ಇವರಿಗೆ ರೇಗಿತು. ನಡುರಸ್ತೆಯಲ್ಲಿ ಡಬ್ಬಿ ಕೆಳಗಿಟ್ಟು, "ನಮ್ಮ ಮನೆ ಇಲ್ಲಿಯೇ ಇತ್ತು ಕಣೋ, ರಾಜ್ಯದ ಗೆರೆ ನೀವು ಎಳೆದದ್ದು" ಎಂದು ಅದೇ ರಾಯಚೂರು ತೆಲುಗಿನಲ್ಲಿ ದಬಾಯಿಸಿದರು. ಹುಡುಗರು ಡಬ್ಬಿ ಹೊತ್ತುಕೊಂಡು ಲ್ಯಾಬಿನ ಗೇಟಿನವರೆಗೆ ಬಂದು ಬಿಟ್ಟುಹೋದರು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅವರು ಬಾಯಿ ಸತ್ತವರಲ್ಲ. ಸುಡುವ ಟಯರಿನ ಮುಂದೆ ನಿಂತು ಮಾತಾಡಿದವರು. ಅಂಥವರು ಮಾತಾಡಬೇಕಾದ ಒಂದು ಜಾಗದಲ್ಲಿ ಸುಮ್ಮನಿದ್ದರು. ಆ ಸುಮ್ಮನಿದ್ದದ್ದೇ ಅವರ ಮುಂದಿನ ವರ್ಷಗಳನ್ನೆಲ್ಲ ತಿಂದಿತು.

ಈ ಕೆಲಸಕ್ಕೆ ಅವರು ಬಂದದ್ದಕ್ಕೂ ಒಂದು ಕಾರಣವಿತ್ತು. ಅವರು ಹುಡುಗಿಯಾಗಿದ್ದಾಗ ಚಿಕ್ಕಮ್ಮನಿಗೆ ಕ್ಷಯ ಬಂತು. ಗುಳಿಗೆ ಶುರು ಮಾಡಿದರು. ಕೆಮ್ಮು ಕಡಿಮೆಯಾಯಿತು, ಕಣ್ಣು ಹಳದಿಯಾಯಿತು. ಅದು ಗುಳಿಗೆಯಿಂದಲೇ ಎಂದು ತಿಳಿಯುವ ಹೊತ್ತಿಗೆ ಚಿಕ್ಕಮ್ಮ ಉಳಿದಿರಲಿಲ್ಲ. "ರೋಗ ಬಿಟ್ಟು ಔಷಧ ಕೊಂದಿತು ನೋಡು ತಮ್ಮಾ. ಮೊದಲ ಬ್ಯಾರೆ ಎಲ್ಯಾರ ಹಾಕಿ ನೋಡಾಕ ಬರತಿದ್ರ?" ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದರು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತ, ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು. ಆಮೇಲೆ ಎಂದೂ ಆ ಮಾತು ತೆಗೆಯಲಿಲ್ಲ.

ತೆಲಂಗಾಣ ರಾಜ್ಯ ಬಂತು. ಮರುವರ್ಷ ರಾಜ್ಯದ ಹುಟ್ಟುಹಬ್ಬಕ್ಕೆ ಮಕ್ತಲ್‌ನಲ್ಲಿ ದೊಡ್ಡ ಸಮಾರಂಭ. ಊರಿಗೆ ಹೆಸರು ತಂದವರಿಗೆಲ್ಲ ಸನ್ಮಾನ, ಅದರಲ್ಲಿ ನಮ್ಮ ಮೇಡಂಗೂ. ಅವರ ತಂದೆ ಮಕ್ತಲ್‌ನ ಗಂಜಿನಲ್ಲಿ, ಎಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿ ಇಟ್ಟವರು, ಊರಿಗೆಲ್ಲ ಬೇಕಾದವರು. ಅವರೇ ಫೋನ್ ಮಾಡಿ ಕರೆದಾಗ ಇಲ್ಲವೆನ್ನಲಾಗಲಿಲ್ಲ. ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಕಾರಿನಲ್ಲಿ ಭಾಷಣ ಒಪ್ಪಿಸಿದರು. ರೈತರಿಗೆ ಅರ್ಥವಾಗುವಂತೆ ಕಾಲುವೆ, ನೀರು, ಬೆಳೆ ಎಂದೆಲ್ಲ ಹೋಲಿಸಿ ಚೆನ್ನಾಗಿಯೇ ತಯಾರಾಗಿದ್ದರು.

ನಮ್ಮ ಕಡೆಯ ಸನ್ಮಾನ ನಿಮಗೆ ಗೊತ್ತಿರಬೇಕು. ಶಾಲು ಹೊದಿಸಿಕೊಂಡವರು ಕಲ್ಲಿನ ಬಸವಣ್ಣನಂತೆ ಕೂತಿರಬೇಕು. ಹೊಗಳುವವರು ಎಷ್ಟು ಹೊಗಳಿದರೂ ನಡುವೆ ಬಾಯಿ ಹಾಕಬಾರದು. ಕೊನೆಗೆ ಎದ್ದು "ಎಲ್ಲ ಹಿರಿಯರ ಆಶೀರ್ವಾದ" ಎಂದರೆ ಮುಗಿಯಿತು. ಹಿರಿಯರು ಆಡಿದ ಮಾತನ್ನು ವೇದಿಕೆಯಲ್ಲೇ ತಿದ್ದಿದರೆ ಅದು ಅಹಂಕಾರ. ಅವತ್ತು ಹೊಗಳಲು ನಿಂತವರು ಮೇಡಂಗೆ ಅಕ್ಷರ ಕಲಿಸಿದ ನಿವೃತ್ತ ಹೆಡ್‌ಮಾಸ್ತರರು. ಪ್ರೀತಿಯ ಮನುಷ್ಯ.

"ನಮ್ಮ ಸಾಲ್ಯಾಗ ಕಲ್ತ ಹುಡುಗಿ ಮನುಷ್ಯಾನ ಲಿವರ್ ತಯಾರ ಮಾಡ್ಯಾಳ್ರೀ! ಇನ್ನ ಮ್ಯಾಲ ನಮ್ಮ ಸೀಮ್ಯಾಗ ಲಿವರ್ ಕೆಟ್ಟು ಯಾರೂ ಸಾಯೂದಿಲ್ಲ!"

ಚಪ್ಪಾಳೆ ಬಿತ್ತು. ಶಾಮಿಯಾನದಡಿ ಕೂತ ಜನರ ಜೊತೆ ನಾನೂ ತಟ್ಟಿದೆ. ಮುಂದಿನ ಸಾಲಿನಲ್ಲಿ ತಂದೆ ಧೋತರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಡಂ ಮೈಕಿನ ಮುಂದೆ ಬಂದರು. ಮಾಸ್ತರರನ್ನು ನೋಡಿದರು, ತಂದೆಯನ್ನು ನೋಡಿದರು. ಬಾಯಿ ತೆರೆದದ್ದೂ ನನಗೆ ಕಂಡಿತು. ಆಮೇಲೆ ಕೈ ಮುಗಿದು, "ಎಲ್ಲಾ ಹಿರಿಯರ ಆಶೀರ್ವಾದ" ಎಂದು ಹೇಳಿ ಹೋಗಿ ಕೂತರು.

ವಾಪಸ್ಸು ಬರುವಾಗ ಕಾರಿನಲ್ಲಿ ಆ ಶಾಲನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದರು. ಕೊನೆಗೆ, "ತಮ್ಮಾ, ನಾ ಇವತ್ತ ಸುಳ್ಳ ಹೇಳಿದ್ನಿ" ಎಂದರು.

"ನೀವೇನೂ ಹೇಳಲೇ ಇಲ್ಲಲ್ರೀ ಅಕ್ಕಾರ."

"ಅದೇ."

"ಊರ ಮಂದಿ ಅಭಿಮಾನಕ್ಕ ಅಂದಾರ. ನಾಳೆ ಮರೀತಾರ ಬಿಡ್ರಿ."

ಜನ ಮರೆಯಲಿಲ್ಲ. ಸನ್ಮಾನದ ಸುದ್ದಿ ಪೇಪರಿನಲ್ಲಿ ಬಂತು. ಊರಲ್ಲಿ ಅವರಿಗೆ ಲಿವರ್ ಮೇಡಂ ಎಂದು ಹೆಸರಾಯಿತು. ಗಂಜಿನಲ್ಲಿ ಯಾರೋ ವ್ಯಾಪಾರಿ ಅವರ ತಂದೆಗೆ, "ಕುಡದು ಕುಡದು ನನ್ನ ಲಿವರ್ ಖರಾಬ್ ಆಗೈತಿ, ಒಂದು ತಗದಿಡಾಕ ಹೇಳ್ರಿ" ಎಂದು ನಗುತ್ತ ಹೇಳಿದನಂತೆ. ತಂದೆಯೂ ಗತ್ತಿನಿಂದ "ಮಗಳಿಗಿ ಹೇಳ್ತೀನಿ" ಎಂದರಂತೆ. ಇದನ್ನು ಮೇಡಂ ನನಗೆ ಹೇಳಿ ನಕ್ಕರು, ನಾನೂ ನಕ್ಕೆ. ನಗುವ ವಿಷಯವೆಂದೇ ಇಬ್ಬರೂ ತಿಳಿದಿದ್ದೆವು.

ಮುಂಗಾರಿನ ಬಿತ್ತನೆ ಮುಗಿದ ಹೊತ್ತಿಗೆ ಒಂದು ಮಧ್ಯಾಹ್ನ ಗೇಟಿನವನು ನನ್ನನ್ನು ಕರೆದ. ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಆಸ್ಪತ್ರೆಯ ಕಾಗದಗಳ ಪ್ಲಾಸ್ಟಿಕ್ ಚೀಲ. ಲಿವರ್ ಮೇಡಂ ಬೇಕು ಎಂದಳು. ಗಂಜಿನ ತಮಾಷೆ ಇಲ್ಲಿಗೂ ಬಂತಪ್ಪಾ ಎಂದುಕೊಂಡು ನಾನು ತೆಲುಗಿನಲ್ಲಿ, ಇಲ್ಲಿ ಹಾಗೆಲ್ಲ ಲಿವರ್ ಕೊಡುವುದಿಲ್ಲಮ್ಮ ಎಂದು ಬೇಸರದಿಂದಲೇ ಹೇಳಿದೆ. ಅವಳು ಕನ್ನಡದಲ್ಲಿ ಉತ್ತರ ಕೊಟ್ಟಳು.

"ಗೊತ್ತೈತ್ರೀ ನನಗ. ದವಾಖಾನ್ಯಾಗ ಡಾಕ್ಟ್ರು ಹೇಳ್ಯಾರ. ಗೊತ್ತಿಲ್ಲದ್ದು ನಮ್ಮ ಮಾವಗ. ಅದಕ್ಕ ಬಂದೀನಿ."

ನಾನು ಒಳಗೆ ಹೋಗಿ ಮೇಡಂ ಅವರನ್ನು ಕರೆತಂದೆ. ಅವಳ ಹೆಸರು ನಾಗಮ್ಮ. ದಾಮರಗಿದ್ದದ ಹತ್ತಿರದ ಹಳ್ಳಿಯವಳು. ಅವಳ ಅಣ್ಣ ಹೈದರಾಬಾದಿನಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವನು, ಕಾಮಾಲೆಯಾಗಿ ಲಿವರ್ ಪೂರ್ತಿ ಹೋಗಿತ್ತು. ತಂಗಿಯ ಲಿವರಿನ ಒಂದು ಭಾಗ ಕತ್ತರಿಸಿ ಅವನಿಗೆ ಹಾಕಬಹುದು ಎಂದು ಡಾಕ್ಟರರು ಹೇಳಿದ್ದರು. ಎಲ್ಲ ತಪಾಸಣೆಯೂ ಆಗಿ, ಹೊಂದುತ್ತದೆ ಎಂದು ಗೊತ್ತಾಗಿತ್ತು. ಸರ್ಕಾರದ ಯೋಜನೆಯಲ್ಲಿ ಆಪರೇಷನ್ನೂ ನಿಗದಿಯಾಗಿತ್ತು. ಗಂಡ ಮುಂಬಯಿಯಲ್ಲಿ ದುಡಿಯುತ್ತಿದ್ದ, ಮನೆಯಲ್ಲಿ ಮಾವನ ಮಾತೇ ಕೊನೆ. ಮಾವನೂ ಒಪ್ಪಿದ್ದ. ಅಷ್ಟರಲ್ಲಿ ಹತ್ತಿಬೀಜ ತರಲೆಂದು ಮಕ್ತಲ್‌ಗೆ ಹೋದ ಮಾವ ಶಾಮಿಯಾನದ ಕೆಳಗೆ ಕೂತು ಮಾಸ್ತರರ ಮಾತು ಕೇಳಿ ಬಂದ. ಯಂತ್ರದಲ್ಲಿ ಲಿವರ್ ಮಾಡುವಾಗ ಎರಡು ಮಕ್ಕಳ ತಾಯಿಯ ಹೊಟ್ಟೆ ಯಾಕೆ ಕೊಯ್ಯಬೇಕು, ಸ್ವಲ್ಪ ತಡೆಯೋಣ ಎಂದು ಆಪರೇಷನ್ ಬೇಡವೆಂದುಬಿಟ್ಟ.

"ಅಣ್ಣಂದು ಹೊಟ್ಟಿ ಉಬ್ಬಾಕತ್ತೈತ್ರೀ. ನಾ ಎಷ್ಟ ಹೇಳಿದ್ರೂ ಮಾವ ಕೇಳವಲ್ಲ. ನಿಮ್ಮ ಲಿವರ್ ಉಪಯೋಗ ಇಲ್ಲ ಅಂತ ನೀವ ಬಂದು ನಮ್ಮ ಮನ್ಯಾಗ ಹೇಳ್ರಿ ಅಕ್ಕಾರ. ನನಗ ಮತ್ತೇನೂ ಬ್ಯಾಡ."

ಮೇಡಂ ಗೋಡೆಗೆ ಕೈ ಊರಿ ನಿಂತಿದ್ದರು. ಒಳಗೆ ಹೋಗಿ ಬಿಳಿ ಕೋಟು ಕಳಚಿಟ್ಟು, ಅಚ್ಚಿನ ಒಂದು ತುಂಡು ಕೈಚೀಲದಲ್ಲಿಟ್ಟುಕೊಂಡು ಬಂದರು. ಅವತ್ತೇ ಹೊರಟೆವು.

ಮಾವ ಒರಟನಿರಬೇಕು ಎಂದುಕೊಂಡಿದ್ದೆ. ಅಲ್ಲ. ಸಣ್ಣ ದನಿಯ, ಬಿಳಿ ರುಮಾಲಿನ ಮುದುಕ. ನಮಗೆ ಹಾಸಿಗೆ ಬಿಡಿಸಿ ಕೂರಿಸಿ ನೀರು ಕೊಟ್ಟ. ಮೇಡಂ ಆ ತುಂಡನ್ನು ಅವನ ಅಂಗೈಯಲ್ಲಿಟ್ಟರು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ದೊಡ್ಡದಾಗಾಕ ಎಷ್ಟ ದಿನ ಹಿಡೀತೈತ್ರೀ?"

"ದೊಡ್ಡದಾಗೂದಿಲ್ಲ ಯಪ್ಪಾ. ಇಷ್ಟ ಇರತೈತಿ. ಔಷಧ ನೋಡಾಕ ಅಷ್ಟ ಇದು. ಆಮ್ಯಾಲ ಸಾಯತೈತಿ."

"ಹಂಗಲ್ರೀ. ಮೆಣಸಿನ ಸಸಿ ಮಡಿಯಾಗ ಇಟ್ಟಷ್ಟ ಇರತೈತಿ. ಕಿತ್ತು ಹೊಲದಾಗ ಹಚ್ಚಿದ್ರ ಗಿಡ ಆಗತೈತಿ. ಇದನ್ನ ಹೊಟ್ಟ್ಯಾಗ ಹಚ್ಚಿದ್ರ?"

ಎಷ್ಟು ಸರಿಯಾದ ಪ್ರಶ್ನೆ ನೋಡಿ. ಮೆಣಸಿನ ಸಸಿ ನೆಟ್ಟು ಬಾಳಿದವನಿಗೆ ಬೇರೆ ಏನು ಹೊಳೆಯಬೇಕು? ಇಲ್ಲ, ಹಚ್ಚಲು ಬರುವುದಿಲ್ಲ ಎಂದು ಮೇಡಂ ಮತ್ತೆ ಮತ್ತೆ ಹೇಳಿದರು. ಮುದುಕ ತುಂಡನ್ನು ಹಿಂದಕ್ಕೆ ಕೊಟ್ಟ. ಹಾಗೆಯೇ ಮೆಲ್ಲಗೆ ಕೇಳಿದ.

"ಅವತ್ತ ನಾನೂ ಇದ್ನಿರೀ. ಅಷ್ಟ ದೊಡ್ಡವರು ಹೇಳಿದ್ರು, ನೀವು ಕೈ ಮುಗದ್ರಿ. ಇವತ್ತ ನಮ್ಮ ಮನಿಗಿ ಬಂದು ಬ್ಯಾರೆ ಹೇಳತೀರಿ. ಬಡವರಿಗಿ ಕೊಡಾಕ ಬರೂದಿಲ್ಲ ಅಂದ್ರ ಹಂಗ ಹೇಳಿಬಿಡ್ರಿ, ನಾ ಏನೂ ಅನ್ನಾಂಗಿಲ್ಲ. ಸುಳ್ಳ್ಯಾಕ ಹೇಳತೀರಿ?"

ಮೇಡಂ ಅವತ್ತು ಆಡದಿದ್ದ ಸತ್ಯ ಈಗ ಆಡಿದರೂ ಸುಳ್ಳಾಗಿತ್ತು. ನನಗೆ ಆ ಹಾಸಿಗೆಯ ಮೇಲೆ ಕೂರಲೂ ಮುಜುಗರವಾಯಿತು. ನಾಗಮ್ಮ ಬಾಗಿಲಿಗೆ ಒರಗಿ ಅಳುತ್ತಿದ್ದಳು. ಕೊನೆಗೆ ಮುದುಕನೇ ದಾರಿ ತೋರಿಸಿದ, ಅವನಿಗೆ ಅದು ದಾರಿ ಎಂದು ಗೊತ್ತಿತ್ತೋ ಇಲ್ಲವೋ: "ಅಷ್ಟ ಮಂದ್ಯಾಗ ಹೇಳಿಸಿಕೊಂಡದ್ದು, ನನ್ನೊಬ್ಬನ ಮುಂದ ಹೇಳಿದ್ರ ಹೆಂಗ ನಂಬಲಿ?"

ಮೇಡಂ ಎದ್ದರು. "ಯಪ್ಪಾ, ಸಂತಿ ದಿನ ಮಕ್ತಲ್‌ಗೆ ಬರ್ರಿ" ಎಂದರು.

ಮೊದಲು ಮಾಸ್ತರರ ಮನೆಗೆ ಹೋದೆವು. ಸಂತೆಯಲ್ಲಿ ತಮ್ಮ ಜೊತೆ ನಿಂತು ಎರಡು ಮಾತು ಹೇಳಬೇಕೆಂದು ಮೇಡಂ ಕೇಳಿದರು. ಮಾಸ್ತರರಿಗೆ ನೋವಾಯಿತು. "ನನ್ನ ಮಾತು ಸುಳ್ಳ ಅಂತ ಹೇಳಾಕ ನಾನ ಬರಲೇನವಾ? ಅಭಿಮಾನಕ್ಕ ಅಂದೆ ನಾ" ಎಂದರು. ಮೇಡಂ ಅವರ ಕಾಲು ಮುಟ್ಟಿ ನಮಸ್ಕರಿಸಿ ಬಂದರು. ತಂದೆಯ ಅಂಗಡಿಗೆ ಹೋಗಿ ಹೇಳಿದಾಗ ತಂದೆ ಸಿಟ್ಟಿನಿಂದ ಒಂದೇ ಮಾತು ಅಂದರು: "ಊರಾಗ ನಮ್ಮ ಇಜ್ಜತ್ ಏನಾಗಬೇಕು?"

ಸಂತೆಯ ದಿನ ಮೇಡಂ ಡಂಗುರ ಹೊಡೆಯುವವನನ್ನು ಗೊತ್ತು ಮಾಡಿದರು. ದನ ಕಳೆದರೆ, ನಲ್ಲಿ ನೀರು ನಿಂತರೆ ಸಾರುವವನು ಅವನು. ಹೇಳಿದ್ದನ್ನು ಕೇಳಿ ಅವನಿಗೇ ಮುಜುಗರ. "ಮೇಡಮ್ಮಾರ, ಇಂಥಾದ್ದು ಯಾರೂ ಹೇಳಿಸಿಲ್ರೀ. ನೀವು ಮನ್ಯಾಗ ಕುಂದರ್ರಿ, ನಾ ಹೊಡಕೊಂಡ ಬರತೀನಿ" ಎಂದ. ಇವರು ಒಪ್ಪಲಿಲ್ಲ. ತಾವೇ ಹಿಂದೆ ಬರದಿದ್ದರೆ ಆಗದವರು ಮಾಡಿಸಿದ್ದು ಎನ್ನುತ್ತಾರೆ ಜನ ಎಂದರು.

ಹಲಗೆ ಬಡಿಯುತ್ತ ಅವನು ಮುಂದೆ, ನಾರಾಯಣಪೇಟೆ ಸೀರೆಯ ಸೆರಗು ಹೊದ್ದು ಅವರು ಹಿಂದೆ, ಅವರ ಹಿಂದೆ ನಾನು. "ಕೇಳ್ರಪ್ಪೋ! ಅಡತಿ ಸಾವಕಾರ್ರ ಮಗಳು ಮಾಡೋ ಲಿವರ್ ಮನುಷ್ಯಾಗ ಹಾಕಾಕ ಬರೂದಿಲ್ಲಾ! ಔಷಧ ಪರೀಕ್ಷಾಕ್ಕ ಅಷ್ಟಾ! ಲಿವರ್ ಕೆಟ್ಟವರು ದವಾಖಾನಿಗಿ ಹೋಗ್ರೀ!" ಅದನ್ನೇ ತೆಲುಗಿನಲ್ಲಿ ಮತ್ತೊಮ್ಮೆ. ಮೆಣಸಿನಕಾಯಿ ಚೀಲಗಳ ನಡುವೆ, ಬಳೆ ಅಂಗಡಿಗಳ ಮುಂದೆ, ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ. ಜನ ವ್ಯಾಪಾರ ಬಿಟ್ಟು ನೋಡಿದರು. ಯಾರೋ "ಏನ್ ಮೇಡಂ, ನಿಮ್ಮ ಲಿವರ್ ಫೇಲ್ ಆತಾ?" ಎಂದು ಕೂಗಿದ. ನಕ್ಕವರು ಎಷ್ಟೋ ಜನ. ನನಗಂತೂ ಮುಖ ಎತ್ತಲಾಗಲಿಲ್ಲ. ಗುರುತಿನವರು ಸಿಕ್ಕಿದ ಕಡೆ ಒಂದಿಷ್ಟು ಹಿಂದೆ ಉಳಿಯುತ್ತಿದ್ದೆ, ನಾನು ಬೇರೆ ಯಾರೋ ಎನ್ನುವ ಹಾಗೆ. ಮೇಡಂ ಮಾತ್ರ ಹಲಗೆಯವನಿಂದ ಒಂದು ಮಾರು ದೂರವಾಗಲಿಲ್ಲ.

ಬೀಜದಂಗಡಿಯ ಮುಂದೆ ನಾಗಮ್ಮನ ಮಾವ ನಿಂತಿದ್ದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೂ ನಮ್ಮ ಜೊತೆ ನಡೆಯತೊಡಗಿದ. ಓಣಿ ಮುಗಿಯುವ ಮುನ್ನ ಮೇಡಂ ಎದುರಿಗೆ ಬಂದು ನಿಂತ.

"ಸಾಕ್ರೀ ಯವ್ವಾ, ನಿಲ್ಲಸ್ರಿ. ಹೆಣ್ಮಗಳು ತನ್ನ ಊರಾಗ ಹಿಂಗ ತಿರುಗೂದು ಸುಳ್ಳಿಗಲ್ಲ. ನಾಳೆ ಸೊಸೀನ ದವಾಖಾನಿಗಿ ಕರಕೊಂಡ ಹೋಗ್ತೀನಿ."

ಮೇಡಂ ಅವನಿಗೆ ಕೈ ಮುಗಿದರು. ಡಂಗುರ ನಿಲ್ಲಿಸಲಿಲ್ಲ. "ಅವತ್ತ ಕೇಳಿದವರು ಇನ್ನೂ ಅದಾರ" ಎಂದು ಹಲಗೆಯವನಿಗೆ ಗಂಜಿನ ದಾರಿ ತೋರಿಸಿದರು. ಅಲ್ಲಿ ಅವರ ತಂದೆಯ ಅಂಗಡಿ. ಹಲಗೆಯ ಸದ್ದು ಹತ್ತಿರವಾಗುತ್ತಿದ್ದಂತೆ ತಂದೆ ಒಳಗಿನಿಂದ ಎದ್ದು ಬಂದು, ಮಗಳ ಕಡೆ ನೋಡದೆ, ಹಾಡಹಗಲೇ ಶಟರ್ ಎಳೆದರು. ಮುಚ್ಚಿದ ಅಂಗಡಿಯ ಮುಂದೆಯೂ ಅವನು ಸಾರಿದ.

ಆ ತಂದೆ ಆಮೇಲೂ ಕೆಲವು ವರ್ಷ ಬದುಕಿದ್ದರು. ಮಗಳೊಂದಿಗೆ ಮಾತು ಪೂರ್ತಿ ಬಿಡಲಿಲ್ಲ, ಮೊದಲಿನಂತೆ ಆಡಲೂ ಇಲ್ಲ. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಹೈದರಾಬಾದಿನಲ್ಲಿ ನೌಕರಿ ಎನ್ನುತ್ತಿದ್ದರಂತೆ. ಯಾವ ನೌಕರಿ ಎಂದು ಹೇಳುತ್ತಿರಲಿಲ್ಲವಂತೆ.

ಮೇಡಂ ಕೂಡ ಬದಲಾದರು. ಲ್ಯಾಬಿನಲ್ಲಿ "ಲಿವರ್" ಎಂಬ ಮಾತನ್ನು ಬಿಟ್ಟೇಬಿಟ್ಟರು. ಹೊಸ ಹುಡುಗರು ಅಂದರೆ ತಿದ್ದುತ್ತಿದ್ದರು. ಸಭೆಗಳಿಗೆ ಹೋಗುವುದು ನಿಂತಿತು. ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆರೆದು ಕೋಶಗಳನ್ನು ಮಾತಾಡಿಸುತ್ತಿದ್ದದ್ದೂ ನಿಂತಿತು. ನನ್ನ ಅಚ್ಚಿಗೆ ಜೂರಾಲಾ ಕಾಲುವೆ ಎನ್ನುವುದನ್ನೂ ಬಿಟ್ಟರು. ಸುಮ್ಮನೆ ವಾಪಸ್ಸು ಕೊಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು ಎನಿಸುತ್ತಿತ್ತು ನನಗೆ.

ಡಂಗುರ ಹೊಡೆಸಿದ ಕೆಲವೇ ದಿನಗಳಲ್ಲಿ ಆಪರೇಷನ್ ಆಯಿತು. ನಾಗಮ್ಮ ತನ್ನ ಭಾಗ ಕೊಟ್ಟಳು. ಆದರೆ ಅಷ್ಟರಲ್ಲಿ ಅಣ್ಣನ ಮೈಯಲ್ಲಿ ಸೋಂಕು ಹಬ್ಬಿತ್ತು, ಬಹಳ ಸೊರಗಿದ್ದ. ಅವನು ಆಸ್ಪತ್ರೆಯಿಂದ ಜೀವಂತ ಹೊರಗೆ ಬರಲಿಲ್ಲ. ಮೊದಲೇ ಮಾಡಿದ್ದರೆ ಉಳಿಯುತ್ತಿದ್ದನೇ ಎಂದು ಮೇಡಂ ಡಾಕ್ಟರರನ್ನು ನೇರವಾಗಿ ಕೇಳಿದರು. ಹಾಗೆ ಹೇಳಲಾಗದು ಎಂದರು ಡಾಕ್ಟರರು. ನಾನು ಆ ಮಾತನ್ನು ಹಿಡಿದುಕೊಂಡು, "ಕೇಳಿದ್ರಲ್ಲ ಅಕ್ಕಾರ, ಹೇಳಾಕ ಬರೂದಿಲ್ಲಂತ" ಎಂದು ಸಮಾಧಾನ ಮಾಡಲು ಹೋದೆ. ಅವರು ನನ್ನನ್ನು ದಾಟಿಕೊಂಡು ನಡೆದರು.

ಕಾರ್ಯವೆಲ್ಲ ಮುಗಿದ ಮೇಲೆ ನಾಗಮ್ಮನನ್ನು ಮಾತಾಡಿಸಲು ಹೋದೆವು. ಅವಳು ಹೊರಸಿನ ಮೇಲೆ ಗೋಡೆಗೊರಗಿ ಕೂತಿದ್ದಳು. ಭಾರ ಎತ್ತಬಾರದು ಎಂದಿದ್ದರಂತೆ. ಅವಳೇ ಹೇಳಿದಳು.

"ನೀವು ದಂಡೋರಾ ಹೊಡಸಲಿಲ್ಲಂದ್ರ ನಾ ಏನೂ ಕೊಡಲಾರದನ, ಅಣ್ಣ ಹೋಗತಿದ್ದ ಅಕ್ಕಾರ. ನನ್ನ ಕೈಲಿ ಆದದ್ದು ನಾ ಕೊಟ್ನಿ. ಅದೊಂದು ನಿಮ್ಮಿಂದ ಆತು."

ಹೀಗೆಂದು ಹೊರಸಿನಿಂದ ಕಷ್ಟಪಟ್ಟು ಇಳಿದು ಕಾಲು ಮುಟ್ಟಲು ಬಾಗಿದಳು. ಮೇಡಂ ಹಾವು ಕಂಡವರಂತೆ ಹಿಂದೆ ಸರಿದರು, ಬಾಗಿಲ ಚೌಕಟ್ಟು ಬೆನ್ನಿಗೆ ಬಡಿಯಿತು. ಅವಳ ಎರಡೂ ಕೈ ಹಿಡಿದು ಎಬ್ಬಿಸಿ ಕೂರಿಸಿ, ಹೊರಗೆ ಬಂದರು.

ಮುದುಕ ನಮ್ಮನ್ನು ಕಾರಿನವರೆಗೆ ಕಳಿಸಲು ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ತಾನೂ ತಡೆದವನೇ ಎಂಬ ಭಾರ ಅವನ ಮೇಲೂ ಇತ್ತು. ನಿಜವಾಗಿ ತಿಳಿಯದೆ ಕೇಳುವವನಂತೆ ಕೇಳಿದ.

"ಒಂದ ಮಾತ ಕೇಳ್ತೀನಿ ಯವ್ವಾ, ಬ್ಯಾಸರ ಮಾಡಕೋಬ್ಯಾಡ್ರಿ. ಅವತ್ತ ಸ್ಟೇಜಿನ ಮ್ಯಾಲ ನೀವು ಇದು ಹಂಗಲ್ಲ ಅಂದಿದ್ರ, ಯಾರರ ಬ್ಯಾಡ ಅಂತಿದ್ರೇನು?"

ನಾನು ಏನೋ ಹೇಳಲು ಹೋದೆ. ಹಿರಿಯರು, ಪದ್ಧತಿ, ಸಭೆಯ ಮರ್ಯಾದೆ ಎಂದೆಲ್ಲ ಬಾಯಿಗೆ ಬಂದಿತ್ತು. ಮೇಡಂ ಕೈ ಎತ್ತಿ ನನ್ನನ್ನು ತಡೆದರು.

"ಇಲ್ಲ ಯಪ್ಪಾ" ಎಂದರು. "ಯಾರೂ ಅಂತಿದ್ದಿಲ್ಲ."